ಮನೆ ರಿಪೇರಿ ಪ್ರಶ್ನೋತ್ತರ: ಗೋಡೆಗೆ ಹ್ಯಾಮರ್ ಡ್ರಿಲ್ ಹಚ್ಚುವ ಮುನ್ನ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಕರೆಂಟ್ ವೈರಿನ ಹ್ಯಾಮರ್ ಡ್ರಿಲ್ ಬಗ್ಗೆಯೇ ಇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ಅಂಗಡಿಯಲ್ಲಿ ಎರಡು ಬಗೆಯ ಮಷಿನ್ ತೋರಿಸಿ ಎರಡನ್ನೂ ಹ್ಯಾಮರ್ ಡ್ರಿಲ್ ಅನ್ನುತ್ತಾರೆ. ಬೆಲೆಯಲ್ಲಿ ತುಂಬಾ ವ್ಯತ್ಯಾಸ ಇದೆ. ಮನೆಗೆ ಯಾವುದು ಸಾಕು? (ಹುಬ್ಬಳ್ಳಿ)

ಬಿಟ್ಟನ್ನು (ಕೊರೆಯುವ ಕಡ್ಡಿ) ಕಚ್ಚಿ ಹಿಡಿಯುವ ಮೂರು ಹಲ್ಲಿನ ಚಕ್ ಇರುವುದು ಇಂಪ್ಯಾಕ್ಟ್ ಡ್ರಿಲ್. ಅದರೊಳಗೆ ಹಲ್ಲುಳ್ಳ ಎರಡು ಬಿಲ್ಲೆಗಳು ಒಂದರ ಮೇಲೊಂದು ಉಜ್ಜಿ ಬಿಟ್ಟನ್ನು ಹಿಂದೆ ಮುಂದೆ ಅದುರಿಸುತ್ತವೆ. ನಿಮಿಷಕ್ಕೆ ನಲವತ್ತು ಸಾವಿರಕ್ಕೂ ಹೆಚ್ಚು ಏಟು ಬಿದ್ದರೂ ಒಂದೊಂದು ಏಟಿನ ಬಲ ಕಡಿಮೆ, ನೀವು ಮೈಭಾರ ಹಾಕಿ ಒತ್ತಿದಷ್ಟೇ ಕೆಲಸ. ಎಸ್‌ಡಿಎಸ್ ಪ್ಲಸ್ ಬಿಟ್ (ಬುಡದಲ್ಲಿ ಗಾಡಿಗಳಿದ್ದು, ಕೀ ಇಲ್ಲದೆ ತಳ್ಳಿ ಕೂರಿಸುವಂಥದ್ದು) ಹಾಕುವುದು ರೋಟರಿ ಹ್ಯಾಮರ್. ಅದರಲ್ಲಿ ಪಿಸ್ಟನ್ ಗಾಳಿಯ ಒತ್ತಡದಿಂದ ಗುದ್ದುತ್ತದೆ. ಏಟು ನಿಮಿಷಕ್ಕೆ ನಾಲ್ಕೈದು ಸಾವಿರ ಮಾತ್ರ, ಆದರೆ ಒಂದೊಂದರ ಶಕ್ತಿ 2ರಿಂದ 3 ಜೂಲ್. ಅದನ್ನು ಹೆಚ್ಚು ಒತ್ತಬಾರದು, ಒತ್ತಿದರೆ ಪಿಸ್ಟನ್ ಆಡಲು ಜಾಗ ಸಿಗದೆ ಏಟು ಕುಗ್ಗುತ್ತದೆ.

ಸುಟ್ಟ ಇಟ್ಟಿಗೆಯ ಗೋಡೆಗೆ ಫೋಟೊ, ಶೆಲ್ಫ್, ಕರ್ಟನ್ ರಾಡ್ ಹಾಕಲು 13 ಮಿ.ಮೀ. ಚಕ್ಕಿನ 600 ವ್ಯಾಟ್ ಇಂಪ್ಯಾಕ್ಟ್ ಡ್ರಿಲ್ ಧಾರಾಳವಾಗಿ ಸಾಕು. ಸಾಲಿಡ್ ಕಾಂಕ್ರೀಟ್ ಬ್ಲಾಕ್, ಬೀಮ್, ಸ್ಲ್ಯಾಬ್ ಪದೇ ಪದೇ ಕೊರೆಯುವುದಿದ್ದರೆ ರೋಟರಿ ಹ್ಯಾಮರನ್ನೇ ತೆಗೆದುಕೊಳ್ಳಿ. ಕಾಂಕ್ರೀಟಿಗೆ ಸಣ್ಣ ಮಷಿನ್ ಹಚ್ಚಿ ಜೀವ ಬಿಟ್ಟು ಒತ್ತುವಾಗಲೇ ಕಾಲು ಜಾರುವುದು, ಬಿಟ್ ಮುರಿಯುವುದು, ಮೋಟಾರ್ ಸುಡುವುದು ಎಲ್ಲ ಆಗುತ್ತದೆ.

ಪ್ರಶ್ನೆ: ಗೋಡೆಯ ಒಳಗೆ ವೈರ್ ಎಲ್ಲಿದೆ, ಪೈಪ್ ಎಲ್ಲಿದೆ ಎಂದು ತಿಳಿಯದೆ ಡ್ರಿಲ್ ಮಾಡಲು ಭಯ. ಪತ್ತೆ ಹಚ್ಚುವುದು ಹೇಗೆ? (ಬೆಂಗಳೂರು)

ಭಯ ಸರಿಯಾದದ್ದೇ. ನಮ್ಮ ಮನೆಗಳಲ್ಲಿ ಪಿವಿಸಿ ಪೈಪನ್ನು ಗೋಡೆ ಕೆತ್ತಿ ಕೂರಿಸಿ ಮೇಲೆ ಗಾರೆ ಬಳಿದಿರುತ್ತಾರೆ. ಎಷ್ಟೋ ಕಡೆ ಪೈಪಿನ ಮೇಲಿರುವುದು ಬರೀ 10–15 ಮಿ.ಮೀ. ಪ್ಲಾಸ್ಟರ್. ಡ್ರಿಲ್ ಬಿಟ್ ಅದನ್ನು ದಾಟಲು ಎರಡು ಸೆಕೆಂಡೂ ಬೇಡ.

ವೈರ್ ಸಾಮಾನ್ಯವಾಗಿ ಸ್ವಿಚ್ ಬೋರ್ಡಿನಿಂದ ನೇರ ಮೇಲಕ್ಕೆ ಸ್ಲ್ಯಾಬಿಗೆ ಹೋಗಿರುತ್ತದೆ. ಅಥವಾ ಒಂದು ಬೋರ್ಡಿನಿಂದ ಇನ್ನೊಂದಕ್ಕೆ ಅಡ್ಡಲಾಗಿ, ಕೆಳಗಿನ ಸಾಕೆಟ್ಟಿಗೆ ನೇರ ಇಳಿದು ಹೋಗಿರುತ್ತದೆ. ಹಾಗಾಗಿ ಪ್ರತಿ ಬೋರ್ಡು, ಸಾಕೆಟ್ಟು, ಗೋಡೆ ದೀಪ, ಜಂಕ್ಷನ್ ಬಾಕ್ಸಿನ ಮೇಲೆ, ಕೆಳಗೆ, ಅಕ್ಕಪಕ್ಕದ ಸಾಲಿನಲ್ಲಿ ಅರ್ಧ ಅಡಿ ಅಗಲದ ಪಟ್ಟಿಯನ್ನು ಮುಟ್ಟಬೇಡಿ. ನಲ್ಲಿ, ಡೈವರ್ಟರ್, ಗೀಸರ್ ಸಾಲಿಗೂ ಇದೇ ಲೆಕ್ಕ. ಗೋಡೆಯ ಆಚೆ ಬದಿಗೂ ಹೋಗಿ ನೋಡಿ. ನಾಲ್ಕಿಂಚಿನ ಗೋಡೆಯಾದರೆ ಆಚೆಯ ಬಚ್ಚಲಿನ ಪೈಪು ನಿಮ್ಮ ಬಿಟ್ಟಿನ ತುದಿಗೆ ಸಿಗುವಷ್ಟು ಹತ್ತಿರ. ಹಳೆಯ ಮನೆಗಳಲ್ಲಿ, ಆಮೇಲೆ ಸೇರಿಸಿದ ಪಾಯಿಂಟುಗಳಲ್ಲಿ ವೈರನ್ನು ಓರೆಯಾಗಿ ಎಳೆದಿರುವುದೂ ಉಂಟು, ಅಲ್ಲಿ ಈ ಲೆಕ್ಕವನ್ನು ಪೂರ್ತಿ ನಂಬುವಂತಿಲ್ಲ. ಮನೆ ಕಟ್ಟುತ್ತಿರುವವರು ಪ್ಲಾಸ್ಟರಿಗೆ ಮುಂಚೆ ಪ್ರತಿ ಗೋಡೆಯ ಪಕ್ಕ ಅಳತೆಪಟ್ಟಿ ಹಿಡಿದು ಫೋಟೊ ತೆಗೆದಿಡಿ.

ವೈರ್ ಡಿಟೆಕ್ಟರ್ ಇದ್ದರೆ ಬಳಸಿ, ಆದರೆ ಅದೊಂದನ್ನೇ ನೆಚ್ಚಬೇಡಿ. ಕರೆಂಟ್ ಹರಿಯುವ ವೈರನ್ನು, ಕಬ್ಬಿಣವನ್ನು ಅದು ತೋರಿಸೀತು, ಪ್ಲಾಸ್ಟಿಕ್ ನೀರಿನ ಪೈಪಿನ ವಿಷಯದಲ್ಲಿ ಕೈಕೊಡುತ್ತದೆ.

ಇಷ್ಟಾದ ಮೇಲೂ ಮಾಡಲೇಬೇಕಾದ ಕೆಲಸವೊಂದಿದೆ: ಕೊರೆಯುವ ಗೋಡೆಯ ಎಂಸಿಬಿ (ಮೇನ್ ಬೋರ್ಡಿನಲ್ಲಿ ಆ ಲೈನಿನ ಸ್ವಿಚ್) ಆಫ್ ಮಾಡಿ, ಡ್ರಿಲ್ಲಿಗೆ ಬೇರೆ ಕೋಣೆಯ ಸರ್ಕ್ಯೂಟಿನಿಂದ ಎಕ್ಸ್‌ಟೆನ್ಶನ್ ಎಳೆಯಿರಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಎಂಸಿಬಿ ಆಫ್ ಆದರೂ ಅದರ ಲೈನಿನಲ್ಲಿ ಕರೆಂಟ್ ಇದ್ದೇ ಇರುತ್ತದೆ, ಅದನ್ನೂ ಆಫ್ ಮಾಡಿ. ನಂತರ ಆ ಗೋಡೆಯ ಸಾಕೆಟ್ಟುಗಳನ್ನೆಲ್ಲ ಟೆಸ್ಟರಿನಿಂದ ನೋಡಿ. ಆ ಟೆಸ್ಟರನ್ನು ಮೊದಲು ಕರೆಂಟ್ ಇರುವ ಸಾಕೆಟ್ಟಿಗೆ ಇಟ್ಟು ಉರಿಯುತ್ತದೆಯೇ ಎಂದು ಖಾತ್ರಿ ಮಾಡಿಕೊಳ್ಳಿ.

ಪ್ರಶ್ನೆ: ನನ್ನ ಡ್ರಿಲ್ಲಿಗೆ ಎರಡೇ ಪಿನ್ ಇದೆ, ಅರ್ತ್ ಇಲ್ಲ. ಶಾಕ್ ಹೊಡೆಯುವುದಿಲ್ಲವೇ? ಎಕ್ಸ್‌ಟೆನ್ಶನ್ ಎಂಥದ್ದು ಬೇಕು? (ತುಮಕೂರು)

ಮಷಿನ್ನಿನ ಪಟ್ಟಿಯಲ್ಲಿ ಚೌಕದೊಳಗೆ ಚೌಕದ ಗುರುತು ಇದೆಯೇ ನೋಡಿ. ಇದ್ದರೆ ಅದು ಎರಡು ಪದರದ ಇನ್ಸುಲೇಶನ್ನಿನ ಮಷಿನ್, ಅದಕ್ಕೆ ಅರ್ತ್ ಬೇಡ. ಆದರೆ ಆ ರಕ್ಷಣೆ ಮಷಿನ್ನಿನ ಒಳಗಿನ ದೋಷಕ್ಕೆ ಮಾತ್ರ. ಬಿಟ್ ಗೋಡೆಯೊಳಗಿನ ಕರೆಂಟ್ ವೈರಿಗೆ ತಾಗಿದರೆ ಚಕ್ಕಿಗೂ ಅದರ ಹಿಂದಿನ ಲೋಹದ ಗೇರ್ ಭಾಗಕ್ಕೂ ಕರೆಂಟ್ ಬರಬಹುದು. ಎಡಗೈ ಸೈಡ್ ಹ್ಯಾಂಡಲ್ ಮೇಲೆಯೇ ಇರಬೇಕು, ಚಕ್ಕಿನ ಹಿಂದಿನ ಲೋಹವನ್ನು ಹಿಡಿಯಲೇಬಾರದು. ಮನೆಯ ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇದ್ದರೆ ಕೆಲಸಕ್ಕೆ ಮುಂಚೆ ಅದರ ಟೆಸ್ಟ್ ಬಟನ್ ಒತ್ತಿ. ತಕ್ಷಣ ಟ್ರಿಪ್ ಆಗಬೇಕು. ಆಗದಿದ್ದರೆ ಎಲೆಕ್ಟ್ರಿಷಿಯನ್ನರನ್ನು ಕರೆಸಿ, ಡ್ರಿಲ್ ನಾಳೆಗಿರಲಿ.

600 ವ್ಯಾಟ್ ಮಷಿನ್ 230 ವೋಲ್ಟಿನಲ್ಲಿ ಎಳೆಯುವುದು ಸುಮಾರು 2.6 ಆಂಪಿಯರ್, 6 ಆಂಪಿಯರ್ ಸಾಕೆಟ್ ಸಾಕು. ಎಕ್ಸ್‌ಟೆನ್ಶನ್ 1.5 ಚದರ ಮಿ.ಮೀ. ತಾಮ್ರದ ಮೂರು ಎಳೆಯದ್ದಿರಲಿ. ಚಕ್ರಕ್ಕೆ ಸುತ್ತಿದ ವೈರನ್ನು ಪೂರ್ತಿ ಬಿಚ್ಚಿ ಬಳಸಿ, ಸುತ್ತಿದಂತೆಯೇ ಬಿಟ್ಟರೆ ಒಳಗಿನ ಬಿಸಿ ಹೊರಹೋಗದೆ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಸಣ್ಣ ವೈರಿನ ಉದ್ದ ಎಕ್ಸ್‌ಟೆನ್ಶನ್ನಿನಲ್ಲಿ ವೋಲ್ಟೇಜ್ ಕುಸಿದು ಮೋಟಾರ್ ಏದುತ್ತದೆ. ಇನ್ಸುಲೇಶನ್ ಟೇಪ್ ಸುತ್ತಿದ ಕೇಬಲ್, ಪ್ಲಗ್ ಇಲ್ಲದೆ ಬೆಂಕಿಕಡ್ಡಿಯಿಂದ ಸಾಕೆಟ್ಟಿಗೆ ಸಿಕ್ಕಿಸಿದ ಬರಿ ವೈರ್ ಖಂಡಿತ ಬೇಡ.

ಪ್ರಶ್ನೆ: ಬೀಮ್ ಕೊರೆಯುವಾಗ ಬಿಟ್ ಗಕ್ಕನೆ ನಿಂತು ಮಷಿನ್ ತಿರುಗಿ ಮಣಿಕಟ್ಟು ಉಳುಕಿತು. ಯಾಕೆ ಹೀಗಾಯಿತು? (ಮೈಸೂರು)

ಬಿಟ್ ಒಳಗಿನ ಕಬ್ಬಿಣದ ಸರಳಿಗೆ ಸಿಕ್ಕಿರಬೇಕು. ಬಿಟ್ ತಿರುಗಲಾರದಾಗ ಮೋಟಾರಿನ ಬಲ ಮಷಿನ್ನಿನ ಮೈಯನ್ನು ಎದುರು ದಿಕ್ಕಿಗೆ ತಿರುಗಿಸುತ್ತದೆ. ಹಿಂದೆ ನಿಂತವರಿಗೆ ಬಿಟ್ ಬಲಕ್ಕೆ ತಿರುಗಿದರೆ ಮಷಿನ್ ಎಡಕ್ಕೆ ಎಗರುತ್ತದೆ. ಆ ಎಗರನ್ನು ತಡೆಯುವುದು ಸೈಡ್ ಹ್ಯಾಂಡಲ್. ಎಷ್ಟೋ ಮನೆಗಳಲ್ಲಿ ಅದು ಡಬ್ಬದಿಂದ ಹೊರಗೇ ಬಂದಿರುವುದಿಲ್ಲ, ಇದು ನಮಗೆ ನಿಜಕ್ಕೂ ಬೇಸರದ ವಿಷಯ. ಹ್ಯಾಂಡಲ್ ಬಿಗಿಯಾಗಿ ಕೂರಿಸಿ, ಕಾಲು ಅಗಲಿಸಿ ನಿಂತು, ಮೊಣಕೈ ತುಸು ಮಡಚಿ ಹಿಡಿಯಿರಿ. ಟ್ರಿಗರ್ ಲಾಕ್ ಮಾಡದೆ ಬೆರಳಿನಲ್ಲೇ ಒತ್ತಿ ಹಿಡಿದಿದ್ದರೆ ಬಿಟ್ ಸಿಕ್ಕ ಗಳಿಗೆಯಲ್ಲಿ ಬಿಡಬಹುದು. ಬಿಟ್ ಸಿಕ್ಕಾಗ ಮೋಟಾರಿನ ಬಲ ಬಿಟ್ಟಿಗೆ ಹೋಗದಂತೆ ಬಿಡಿಸುವ ಕ್ಲಚ್ ಇರುವ ರೋಟರಿ ಹ್ಯಾಮರಿನಲ್ಲಿ ಈ ಎಗರು ಕಡಿಮೆ, ಇಲ್ಲವೇ ಇಲ್ಲ ಎಂದಲ್ಲ.

ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಕಂಬದ ಸರಳಿನ ಮೇಲೆ ಸಾಮಾನ್ಯವಾಗಿ 40 ಮಿ.ಮೀ. ಕಾಂಕ್ರೀಟ್ ಕವಚ ಇರಬೇಕು, ಸ್ಲ್ಯಾಬಿಗೆ ಸಾಧಾರಣ ವಾತಾವರಣದಲ್ಲಿ 20 ಮಿ.ಮೀ. ಸಾಕು. ಹಾಗಾಗಿ ಸ್ಲ್ಯಾಬಿನಲ್ಲಿ 50 ಮಿ.ಮೀ. ಆಳ ಕೊರೆದರೆ ಸರಳು ಸಿಗುವುದು ಆಶ್ಚರ್ಯವಲ್ಲ. ಸರಳು ಸಿಕ್ಕಾಗ ಬಿಟ್ ಮುಂದೆ ಹೋಗುವುದು ನಿಲ್ಲುತ್ತದೆ, ಸದ್ದು ಗುದ್ದಿನಿಂದ ಕಿರುಗುಟ್ಟುವಿಕೆಗೆ ತಿರುಗುತ್ತದೆ, ಪುಡಿ ಬೀಳುವುದಿಲ್ಲ, ಕೆಲವೊಮ್ಮೆ ಹೊಳೆಯುವ ಲೋಹದ ಚೂರು ಬರುತ್ತದೆ. ತಕ್ಷಣ ನಿಲ್ಲಿಸಿ. ಸರಳನ್ನು ಕಡಿದು ಮುಂದೆ ಹೋಗಬೇಡಿ, ಬೀಮಿನ ಬಲ ಇರುವುದೇ ಅದರಲ್ಲಿ. ತೂತನ್ನು 50 ಮಿ.ಮೀ.ಯಷ್ಟಾದರೂ ಸರಿಸಿ, ಹಳೆಯದಕ್ಕೆ ಕುಗ್ಗದ ಸಿಮೆಂಟ್ ಗ್ರೌಟ್ ತುಂಬಿ. ಪೋಸ್ಟ್ ಟೆನ್ಶನ್ ಸ್ಲ್ಯಾಬಿನ (ಒಳಗೆ ಉಕ್ಕಿನ ಕೇಬಲ್ ಬಿಗಿದೆಳೆದು ಕಟ್ಟಿದ) ಅಪಾರ್ಟ್‌ಮೆಂಟ್ ಆಗಿದ್ದರೆ ಕಟ್ಟಡದ ಎಂಜಿನಿಯರ್ ಒಪ್ಪಿಗೆ ಇಲ್ಲದೆ ಸ್ಲ್ಯಾಬನ್ನು ಮುಟ್ಟಲೇಬೇಡಿ. ಬಿಗಿದೆಳೆದ ಕೇಬಲ್ ತುಂಡಾದರೆ ಜೀವಕ್ಕೇ ಅಪಾಯ.

ಬಿಟ್ ಸಿಕ್ಕಿಕೊಳ್ಳಲು ಇನ್ನೊಂದು ಕಾರಣ ಸುರುಳಿಯಲ್ಲಿ ತುಂಬಿಕೊಂಡ ಪುಡಿ. ಪ್ರತಿ 15–20 ಮಿ.ಮೀ. ಆಳಕ್ಕೊಮ್ಮೆ ಬಿಟ್ ತಿರುಗುತ್ತಿರುವಾಗಲೇ ಹೊರಗೆಳೆದು ಪುಡಿ ಬೀಳಿಸಿ. ಸಿಕ್ಕಿಕೊಂಡರೆ ಜಗ್ಗಬೇಡಿ. ಪೂರ್ತಿ ನಿಂತ ಮೇಲೆ ಹ್ಯಾಮರ್ ಆಫ್ ಮಾಡಿ, ರಿವರ್ಸಿಗೆ ಹಾಕಿ, ನಿಧಾನ ವೇಗದಲ್ಲಿ ಬಿಡಿಸಿಕೊಳ್ಳಿ.

ಪ್ರಶ್ನೆ: ನಮ್ಮದು ಮುರಕಲ್ಲಿನ ಗೋಡೆ. ಗಿಟ್ಟಿ (ಸ್ಕ್ರೂ ಹಿಡಿಯಲು ತೂತಿಗೆ ತೂರಿಸುವ ಪ್ಲಾಸ್ಟಿಕ್ ಕೊಳವೆ) ಸಡಿಲವಾಗಿ ಸ್ಕ್ರೂ ಸಮೇತ ಕಿತ್ತು ಬರುತ್ತದೆ. (ಉಡುಪಿ)

ಮಷಿನ್ನಿನ ಹ್ಯಾಮರ್ ಗುಂಡಿ (ಗುದ್ದುವ ಕ್ರಿಯೆ) ಹಾಕಿದ್ದೇ ತಪ್ಪಾಗಿರಬೇಕು. ಮುರಕಲ್ಲಿನೊಳಗೆ ಮೆತ್ತನೆ ಮಣ್ಣಿನ ಗೂಡುಗಳಿರುತ್ತವೆ, ಗುದ್ದಿದರೆ 8 ಮಿ.ಮೀ. ತೂತು ಕುಸಿದು ಹತ್ತಾಗುತ್ತದೆ. ಹ್ಯಾಮರ್ ಆಫ್ ಮಾಡಿ, ಮೊದಲು 6 ಮಿ.ಮೀ. ಬಿಟ್ಟಿನಿಂದ ಕೊರೆದು ಗಟ್ಟಿತನ ನೋಡಿ, ಆಮೇಲೆ ಬೇಕಾದಷ್ಟು ದೊಡ್ಡದು ಮಾಡಿ. ಕಲ್ಲಿನ ಅಂಚು ಬಿಟ್ಟು ನಡುಭಾಗ ಆರಿಸಿಕೊಳ್ಳಿ. ಗಿಟ್ಟಿ 60–80 ಮಿ.ಮೀ. ಉದ್ದದ್ದಿರಲಿ. ಗೀಸರ್‌ನಂಥ ಭಾರಕ್ಕೆ ಜಾಲರಿ ಕೊಳವೆ ಇಟ್ಟು ಕೆಮಿಕಲ್ ಆ್ಯಂಕರ್ (ಗಟ್ಟಿಯಾಗಿ ಬೋಲ್ಟನ್ನು ಹಿಡಿಯುವ ಅಂಟು) ತುಂಬುವುದೇ ಸರಿ. ಎಎಸಿ ಎಂಬ ಹಗುರ ಕಾಂಕ್ರೀಟ್ ಬ್ಲಾಕಿಗೂ ಹ್ಯಾಮರ್ ಬೇಡ.

ಎಲ್ಲ ಗೋಡೆಗೂ ಅನ್ವಯಿಸುವುದು: ಗಿಟ್ಟಿ ಪ್ಲಾಸ್ಟರಿನಲ್ಲಲ್ಲ, ಅದರ ಹಿಂದಿನ ಕಲ್ಲು ಅಥವಾ ಇಟ್ಟಿಗೆಯಲ್ಲಿ ಕೂರಬೇಕು. ತೂತು ಗಿಟ್ಟಿಗಿಂತ 10 ಮಿ.ಮೀ. ಹೆಚ್ಚು ಆಳ ಇರಲಿ, ಬಿಟ್ಟಿಗೆ ಟೇಪ್ ಸುತ್ತಿ ಆಳ ಗುರುತಿಸಿ. ಪುಡಿಯನ್ನು ಸೈಕಲ್ ಪಂಪಿನಿಂದ ಊದಿ. ಬಾಯಲ್ಲಿ ಊದಿದರೆ ಅದೆಲ್ಲ ಕಣ್ಣಿಗೇ ಬರುತ್ತದೆ.

ಪ್ರಶ್ನೆ: ಟೈಲ್ಸ್ ಒಡೆಯದ ಹಾಗೆ ಕೊರೆಯುವುದು ಹೇಗೆ? (ದಾವಣಗೆರೆ)

ಮಾಸ್ಕಿಂಗ್ ಟೇಪ್ ಅಂಟಿಸಿ, ಈಟಿ ಮೊನೆಯ ಟೈಲ್ ಬಿಟ್ ಹಾಕಿ, ಹ್ಯಾಮರ್ ಇಲ್ಲದೆ ಕಡಿಮೆ ವೇಗದಲ್ಲಿ ಟೈಲನ್ನು ದಾಟಿ. ಹಿಂದಿನ ಗಾರೆ ಸಿಕ್ಕ ಮೇಲಷ್ಟೇ ಮೇಸನ್ರಿ ಬಿಟ್ಟಿಗೆ ಬದಲಿಸಿ ಹ್ಯಾಮರ್ ಹಾಕಿ. ಟೈಲಿನ ಅಂಚಿಗೆ, ಮೂಲೆಗೆ ಹತ್ತಿರ ಬೇಡ.

ಪ್ರಶ್ನೆ: ಕೊರೆಯುತ್ತಿರುವಾಗ ಕರೆಂಟ್ ಹೋದರೆ? (ಕಲಬುರಗಿ)

ಲಾಕ್ ಬಟನ್ ಒತ್ತಿದ್ದರೆ ಅದನ್ನು ಬಿಡಿಸಿ, ಪ್ಲಗ್ ಕಿತ್ತುಬಿಡಿ. ಲಾಕಿನಲ್ಲೇ ನೆಲಕ್ಕಿಟ್ಟು ಹೋದ ಮಷಿನ್ ಕರೆಂಟ್ ಬಂದ ಕೂಡಲೇ ತಾನೇ ತಿರುಗಿ ಹೊರಳಾಡುತ್ತದೆ, ಮನೆಯಲ್ಲಿ ಮಕ್ಕಳಿದ್ದರೆ ಇದು ಭಾರಿ ಅನಾಹುತ. ಬಿಟ್ ಬದಲಿಸುವಾಗಲೂ ಪ್ಲಗ್ ಕಿತ್ತಿರಬೇಕು. ಚಕ್ ಕೀಯನ್ನು ಮೂರೂ ತೂತಿನಲ್ಲಿ ಬಿಗಿದು, ಹೊರಗೆ ತೆಗೆದ ಮೇಲೆಯೇ ಪ್ಲಗ್ ಹಾಕಿ.

ಪ್ರಶ್ನೆ: ಗ್ಲೌಸ್ ಹಾಕಬೇಕೇ? ಮಾಸ್ಕ್ ನಿಜಕ್ಕೂ ಬೇಕೇ? (ಶಿವಮೊಗ್ಗ)

ಸಡಿಲ ಹತ್ತಿ ಗ್ಲೌಸ್ ಬಿಟ್ಟಿಗೆ ಸುತ್ತಿಕೊಂಡು ಬೆರಳನ್ನೂ ಎಳೆಯುತ್ತದೆ, ಅದು ಬೇಡ. ಸೆರಗು, ದುಪಟ್ಟಾ, ಬಿಟ್ಟ ಕೂದಲು, ಕತ್ತಿನ ಸರ, ಟ್ಯಾಗ್ ದಾರ, ತೋಳಿನ ಗುಂಡಿ ಎಲ್ಲಕ್ಕೂ ಇದೇ ಅಪಾಯ. ಕಣ್ಣಿಗೆ ಬದಿ ಮುಚ್ಚುವ ಕನ್ನಡಕ, ಕಿವಿಗೆ ಪ್ಲಗ್ ಇರಲಿ. ಈ ಮಷಿನ್ನಿನ ಸದ್ದು ಸಾಮಾನ್ಯವಾಗಿ 95 ಡೆಸಿಬಲ್ ದಾಟುತ್ತದೆ.

ಮಾಸ್ಕ್ ಬೇಕೇ ಬೇಕು. ಕಾಂಕ್ರೀಟ್, ಇಟ್ಟಿಗೆ, ಗಾರೆಯ ಪುಡಿಯಲ್ಲಿ ಸಿಲಿಕಾ ಇದೆ. ವರ್ಷಾನುಗಟ್ಟಲೆ ಉಸಿರಾಡಿದ ಕೆಲಸಗಾರರಿಗೆ ಅದರಿಂದ ಸಿಲಿಕೋಸಿಸ್ ಬರುತ್ತದೆ, ಬಂದ ಮೇಲೆ ಗುಣವಾಗುವುದಿಲ್ಲ. ಮೂಗಿಗೆ ಕಟ್ಟಿದ ಕರವಸ್ತ್ರ ಈ ನುಣುಪು ಪುಡಿಯನ್ನು ತಡೆಯದು, ಎನ್95 ಬೇಕು. ನಿಮ್ಮ ಮನೆಗೆ ಕೊರೆಯಲು ಬರುವ ಕೆಲಸಗಾರರಿಗೂ ಒಂದು ಕೊಡಿ, ಅವರು ಉಸಿರಾಡುವ ಪುಡಿ ನಿಮ್ಮದಕ್ಕಿಂತ ಎಷ್ಟೋ ಪಾಲು ಹೆಚ್ಚು. ತೂತಿನ ಕೆಳಗೆ ಬಾಯಿ ತೆರೆದ ಕಾಗದದ ಕವರ್ ಅಂಟಿಸಿದರೆ ಬಹುಪಾಲು ಪುಡಿ ಅದರೊಳಗೇ ಬೀಳುತ್ತದೆ. ಉಳಿದದ್ದನ್ನು ಒಣ ಪೊರಕೆಯಿಂದ ಗುಡಿಸಿ ಎಬ್ಬಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಪ್ರಶ್ನೆ: ಹಿಂಭಾಗದ ಕಿಂಡಿಯಲ್ಲಿ ಕಿಡಿ ಕಾಣುತ್ತದೆ, ಸುಟ್ಟ ವಾಸನೆಯೂ ಇದೆ. (ಹಾಸನ)

ಸಣ್ಣ ನೀಲಿ ಕಿಡಿ ಸಹಜ. ಸುತ್ತಲೂ ಹಬ್ಬುವ ಹಳದಿ ಕಿಡಿ ಬಂದರೆ ಕಾರ್ಬನ್ ಬ್ರಷ್ (ತಿರುಗುವ ಮೋಟಾರಿಗೆ ಕರೆಂಟ್ ಮುಟ್ಟಿಸುವ ಜೋಡಿ ತುಂಡುಗಳು) ಸವೆದಿರಬಹುದು. 5–6 ಮಿ.ಮೀ.ಗೆ ಇಳಿದಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಿ, ಮಾದರಿ ಸಂಖ್ಯೆ ಹೇಳಿ ಅದೇ ಅಳತೆಯದ್ದನ್ನೇ ತನ್ನಿ. ವಾಸನೆ ಬಂದ ಕೂಡಲೇ ಬಿಟ್ಟನ್ನು ಗೋಡೆಯಿಂದ ಹೊರಗೆಳೆದು ಒಂದು ನಿಮಿಷ ಖಾಲಿ ಓಡಿಸಿ, ಒಳಗಿನ ಫ್ಯಾನ್ ಮೋಟಾರನ್ನು ತಣಿಸುತ್ತದೆ. ಹೊಗೆಯೇ ಬಂದರೆ ಖಾಲಿ ಓಡಿಸುವುದೂ ಬೇಡ, ಪ್ಲಗ್ ಕಿತ್ತು ಸರ್ವಿಸ್‌ಗೆ ಕೊಡಿ.