ಹತ್ತುವ ದಿನವಲ್ಲ, ಇಳಿಯುವ ದಿನ ನೋಡಿ

ಪ್ರವಾಸ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಕ್ರೂಸ್ ಹಡಗಿನ ಪ್ರವಾಸದ ಬಗ್ಗೆ. ಸಮುದ್ರದ ಗಾಳಿಯೂ ಸೋಕದ ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಇಷ್ಟು ಜನ ಹಡಗು ಹತ್ತಲು ಹೊರಟಿರುವುದು ಪಿ.ಜೆ. ಬಡಾವಣೆಯಲ್ಲಿ ಟಿಕೆಟ್ ಕಚೇರಿ ಇಟ್ಟುಕೊಂಡಿರುವ ನನಗೆ ಸಂತೋಷದ ಸಂಗತಿಯೇ. ಆದರೆ ಬಹುತೇಕರು ಕೇಳಿರುವುದು ಹಡಗಿನಲ್ಲಿ ಸಸ್ಯಾಹಾರ ಸಿಗುತ್ತದೆಯೇ ಎಂದು. ಸಿಗುತ್ತದೆ, ತಿಂದು ಸುಸ್ತಾಗುವಷ್ಟು ಸಿಗುತ್ತದೆ. ಪಾಸ್‌ಪೋರ್ಟಿನ ಕೊನೆಯ ದಿನಾಂಕದ ಬಗ್ಗೆ ಕೇಳಿದವರು ಕೆಲವರೇ. ಈ ಸಲದ ಜಾಗ ಅವರಿಗೆ.

ಪ್ರಶ್ನೆ: ಮೇಡಂ, ಮಗಳು ಸಿಂಗಪುರದಲ್ಲಿದ್ದಾಳೆ. ನಾನು ಮತ್ತು ನನ್ನ ಹೆಂಡತಿ ಜನವರಿ 10ರಂದು ಅಲ್ಲಿಗೆ ಹೋಗಿ, 12ರಂದು ಹಡಗು ಹತ್ತಿ, ಮಲೇಷ್ಯಾದ ಪೆನಾಂಗ್ ಮತ್ತು ಥಾಯ್ಲೆಂಡಿನ ಫುಕೆಟ್ ನೋಡಿಕೊಂಡು 16ರಂದು ಸಿಂಗಪುರಕ್ಕೇ ಮರಳುತ್ತೇವೆ. ನನ್ನ ಪಾಸ್‌ಪೋರ್ಟಿನ ಅವಧಿ ಜುಲೈ 14ಕ್ಕೆ ಮುಗಿಯುತ್ತದೆ. ಸಿಂಗಪುರ ತಲುಪುವ ದಿನಕ್ಕೆ ಆರು ತಿಂಗಳ ಮೇಲೆ ನಾಲ್ಕು ದಿನ ಉಳಿದಿರುವುದರಿಂದ ತೊಂದರೆಯಿಲ್ಲ ಎಂದು ಟಿಕೆಟ್ ಮಾಡಿಸಿದವರು ಹೇಳುತ್ತಾರೆ. ಹೆಂಡತಿಗೆ ಸಮಾಧಾನವಿಲ್ಲ. ಯಾರ ಮಾತು ಸರಿ?
– ನಿವೃತ್ತ ಶಿಕ್ಷಕರು, ಹರಿಹರ

ಉತ್ತರ: ನಿಮ್ಮ ಮನೆಯವರ ಅನುಮಾನವೇ ಸರಿ, ಮೇಷ್ಟ್ರೇ. ಟಿಕೆಟ್ ಮಾಡಿಸಿದವರು ವಿಮಾನದ ಲೆಕ್ಕ ಹಾಕಿದ್ದಾರೆ, ಹಡಗಿನ ಲೆಕ್ಕ ಹಾಕಿಲ್ಲ.

ತನ್ನ ನೆಲಕ್ಕೆ ಕಾಲಿಡುವ ಪ್ರವಾಸಿಯ ಪಾಸ್‌ಪೋರ್ಟಿನಲ್ಲಿ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು ಎನ್ನುತ್ತದೆ ಸಿಂಗಪುರ. ಜನವರಿ 10ಕ್ಕೆ ನಿಮ್ಮದು ಸರಿಯಾಗಿದೆ. ಆದರೆ 12ರಂದು ಹಡಗು ಹತ್ತುವಾಗ ನೀವು ಸಿಂಗಪುರ ಬಿಟ್ಟು ಹೋದವರೆಂದು ದಾಖಲಾಗುತ್ತದೆ. 16ರಂದು ಇಳಿಯುವಾಗ ಮತ್ತೆ ಹೊಸದಾಗಿ ಒಳಗೆ ಬರುವವರು. ಆ ದಿನದಿಂದ ಆರು ತಿಂಗಳು ಎಂದರೆ ಜುಲೈ 16. ನಿಮ್ಮದು 14ಕ್ಕೆ ಮುಗಿಯುತ್ತದೆ. ಎರಡು ದಿನ ಕಡಿಮೆ. ಇಷ್ಟು ವರ್ಷ ಮಕ್ಕಳಿಗೆ ಲೆಕ್ಕ ತಿದ್ದಿದ ನಿಮಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ.

ನಿಜ ಹೇಳಬೇಕೆಂದರೆ ವಿಷಯ 16ರವರೆಗೂ ಹೋಗುವುದಿಲ್ಲ. 12ರಂದು ಬಂದರಿನ ಕೌಂಟರಿನಲ್ಲಿ ಹಡಗಿನ ಕಂಪನಿಯವರೇ ನಿಮ್ಮನ್ನು ತಡೆಯಬಹುದು. ಪ್ರವಾಸ ಮುಗಿಯುವ ದಿನದಿಂದ ಮುಂದಕ್ಕೆ ಆರು ತಿಂಗಳ ಅವಧಿ ಇರಬೇಕೆಂದು ಅನೇಕ ಕಂಪನಿಗಳು ಟಿಕೆಟಿನ ಷರತ್ತುಗಳಲ್ಲೇ ಬರೆದಿರುತ್ತವೆ. ದಾಖಲೆ ಸರಿಯಿಲ್ಲದ ಕಾರಣಕ್ಕೆ ಹತ್ತಿಸದಿದ್ದರೆ ಹಣ ವಾಪಸ್ ಇಲ್ಲ ಎಂಬ ಸಾಲೂ ಅಲ್ಲೇ ಇರುತ್ತದೆ. ಆ ಸಣ್ಣಕ್ಷರದ ಪುಟವನ್ನು ಓದುವವರು ಯಾರು? ಪ್ರವಾಸ ವಿಮೆ ಇದೆಯಲ್ಲ ಎಂದರೆ, ಪ್ರಯಾಣಿಕನ ದಾಖಲೆಯಲ್ಲೇ ಕೊರತೆಯಿದ್ದು ಆದ ನಷ್ಟವನ್ನು ವಿಮೆಯೂ ಸಾಮಾನ್ಯವಾಗಿ ಕೊಡುವುದಿಲ್ಲ.

“ಫುಕೆಟ್‌ನಲ್ಲಿ ನಾವು ಇಳಿಯುವುದೇ ಇಲ್ಲ, ಹಡಗಿನಲ್ಲೇ ಕುಳಿತಿರುತ್ತೇವೆ” ಎಂದು ವಾದಿಸುವವರಿದ್ದಾರೆ. ಆ ವಾದ ನಿಲ್ಲುವುದಿಲ್ಲ. ಹಡಗು ತಲುಪುವ ಮೊದಲೇ ಪ್ರಯಾಣಿಕರೆಲ್ಲರ ಪಾಸ್‌ಪೋರ್ಟ್ ವಿವರವಿರುವ ಪಟ್ಟಿ ಆಯಾ ದೇಶದ ಅಧಿಕಾರಿಗಳ ಕೈ ಸೇರಿರುತ್ತದೆ. ಹಾಗಾಗಿ ದಾರಿಯಲ್ಲಿ ಸಿಗುವ ದೇಶಗಳಲ್ಲಿ ಯಾರ ನಿಯಮ ಅತಿ ಬಿಗಿಯೋ ಅದೇ ನಿಮ್ಮ ಇಡೀ ಪ್ರವಾಸದ ನಿಯಮ. ಮಲೇಷ್ಯಾ 2023ರ ಡಿಸೆಂಬರ್‌ನಿಂದ ಭಾರತೀಯ ಪ್ರವಾಸಿಗಳಿಗೆ ವೀಸಾ ಬೇಡ ಎಂದಿದೆ. ಅದನ್ನು ಕೇಳಿ ಬಹಳ ಜನ ನಿರಾಳರಾಗಿದ್ದಾರೆ. ವೀಸಾ ಬೇಡ ಎಂದಿದ್ದಾರೆಯೇ ಹೊರತು ಆರು ತಿಂಗಳ ಅವಧಿ ಬೇಡ ಎಂದಿಲ್ಲ. ಯುರೋಪಿನ ಷೆಂಗೆನ್ ದೇಶಗಳ ಲೆಕ್ಕವೇ ಬೇರೆ: ಅಲ್ಲಿಂದ ಹೊರಡುವ ದಿನದ ನಂತರ ಮೂರು ತಿಂಗಳ ಅವಧಿ ಇದ್ದರೆ ಸಾಕು, ಆದರೆ ಪಾಸ್‌ಪೋರ್ಟ್ ಕಳೆದ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು.

ಐದು ದಿನದ ಪ್ರವಾಸಕ್ಕೆ ಆರು ತಿಂಗಳು ಏಕೆ ಎಂದು ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಏಕೆಂದರೆ ನನ್ನ ಕಚೇರಿಗೆ ಬರುವ ಪ್ರತಿಯೊಬ್ಬರೂ ಇದನ್ನು ದಬ್ಬಾಳಿಕೆ ಎಂದೇ ಭಾವಿಸುತ್ತಾರೆ. 2020ರ ಫೆಬ್ರವರಿಯಲ್ಲಿ ವೆಸ್ಟರ್‌ಡ್ಯಾಮ್ ಎಂಬ ಹಡಗು ಹಾಂಗ್‌ಕಾಂಗ್‌ನಿಂದ ಹೊರಟಿತು. ಕೊರೊನಾ ಭಯಕ್ಕೆ ಜಪಾನ್, ತೈವಾನ್, ಫಿಲಿಪೀನ್ಸ್, ಗುವಾಮ್, ಥಾಯ್ಲೆಂಡ್ ಒಂದಾದ ಮೇಲೊಂದು ಅದನ್ನು ಬರಬೇಡ ಎಂದವು. ಕೊನೆಗೆ ಕಾಂಬೋಡಿಯಾದ ಸಿಹಾನುಕ್‌ವಿಲ್ ಬಂದರು ಜಾಗ ಕೊಟ್ಟಿತು. ಟಿಕೆಟಿನಲ್ಲಿ ಹೆಸರೇ ಇಲ್ಲದ ದೇಶದಲ್ಲಿ ಇಳಿದು, ಅಲ್ಲಿಂದ ವಿಮಾನ ಹಿಡಿದು ಮನೆ ಸೇರಬೇಕಾಯಿತು. ಅಷ್ಟು ದೊಡ್ಡ ಆಪತ್ತೇ ಬರಬೇಕೆಂದಿಲ್ಲ. ಚಂಡಮಾರುತ ಬಂದು ಹಡಗು ದಾರಿ ಬದಲಿಸಬಹುದು, ಕಾಲು ಜಾರಿ ಸೊಂಟ ಮುರಿದುಕೊಂಡವರು ಪೆನಾಂಗಿನ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಬೇಕಾಗಬಹುದು. ಅಂಥವರನ್ನು ಊರಿಗೆ ಕಳುಹಿಸಲು ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಬೇಕು. ಆತಿಥ್ಯ ಕೊಡುವ ದೇಶ ಆ ಭದ್ರತೆಯನ್ನು ಮುಂಚೆಯೇ ಕೇಳುತ್ತದೆ, ಅಷ್ಟೇ.

ಈಗ ಮಾಡಬೇಕಾದದ್ದು. ಇನ್ನೂ ದಸರಾ ಕೂಡ ಬಂದಿಲ್ಲ, ಸಮಯವಿದೆ. ಅವಧಿ ಮುಗಿಯಲು ಒಂದು ವರ್ಷ ಇರುವಾಗಲೇ ಪಾಸ್‌ಪೋರ್ಟ್ ಮರುವಿತರಣೆಗೆ ಅರ್ಜಿ ಹಾಕಬಹುದು. ಸರ್ಕಾರದ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲೇ ಅರ್ಜಿ ತುಂಬಿ. ಅದರಂತೆಯೇ ಕಾಣುವ ನಕಲಿ ತಾಣಗಳು ಹುಡುಕಿದ ತಕ್ಷಣ ಮೇಲೆ ಬಂದು ಕೂರುತ್ತವೆ, ಹುಷಾರು. ವಯಸ್ಕರ 36 ಪುಟದ ಪುಸ್ತಿಕೆಗೆ 1,500 ರೂಪಾಯಿ. ತತ್ಕಾಲ್ ಬೇಕೆಂದರೆ ಇನ್ನೂ 2,000. ನಿಮಗೆ ತತ್ಕಾಲ್ ಬೇಕಾಗಿಲ್ಲ. ದಾವಣಗೆರೆಯ ಪ್ರಧಾನ ಅಂಚೆ ಕಚೇರಿಯಲ್ಲೇ ಸೇವಾ ಕೇಂದ್ರವಿದೆ. ಅಲ್ಲಿ ಬೇಗ ದಿನಾಂಕ ಸಿಗದಿದ್ದರೆ ಹುಬ್ಬಳ್ಳಿಯನ್ನೋ ಬೆಂಗಳೂರನ್ನೋ ಆರಿಸಿಕೊಳ್ಳಿ, ದೇಶದ ಯಾವ ಕೇಂದ್ರಕ್ಕೆ ಬೇಕಾದರೂ ಅರ್ಜಿ ಹಾಕಲು ಅವಕಾಶವಿದೆ. ಹಳೆಯ ಪಾಸ್‌ಪೋರ್ಟಿನ ಮೂಲಪ್ರತಿ, ಅದರ ಮೊದಲ ಎರಡು ಮತ್ತು ಕೊನೆಯ ಎರಡು ಪುಟಗಳ ಪ್ರತಿಗೆ ನಿಮ್ಮದೇ ಸಹಿ ಹಾಕಿ ಒಯ್ಯಿರಿ. ಹೊಸ ಪಾಸ್‌ಪೋರ್ಟ್ ಸ್ಪೀಡ್ ಪೋಸ್ಟ್‌ನಲ್ಲಿ ಮನೆಗೇ ಬರುತ್ತದೆ. ಆ ದಿನಗಳಲ್ಲಿ ಬೀಗ ಹಾಕಿಕೊಂಡು ನೆಂಟರ ಮನೆಗೆ ಹೋಗಬೇಡಿ.

ಒಂದು ಮುಖ್ಯ ಮಾತು ಉಳಿದಿದೆ. ಹೊಸ ಪಾಸ್‌ಪೋರ್ಟಿಗೆ ಹೊಸ ಸಂಖ್ಯೆ. ಸಿಂಗಪುರದ ವೀಸಾ ಪಾಸ್‌ಪೋರ್ಟ್ ಸಂಖ್ಯೆಗೆ ಅಂಟಿಕೊಂಡಿರುತ್ತದೆ, ಆದ್ದರಿಂದ ಹೊಸದು ಕೈಗೆ ಬಂದ ಮೇಲೆಯೇ ವೀಸಾಕ್ಕೆ ಹಾಕಿ. ಹಡಗಿನಿಂದ ಮರಳಿ ಒಳಬರಬೇಕಲ್ಲ, ಅದಕ್ಕಾಗಿ ಆ ವೀಸಾ ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶ ಕೊಡುವಂಥದ್ದೇ ಎಂದು ನೋಡಿಕೊಳ್ಳಿ. ಹಡಗಿನ ಬುಕಿಂಗ್‌ನಲ್ಲಿ ಈಗಾಗಲೇ ಹಳೆಯ ಸಂಖ್ಯೆ ಕೊಟ್ಟಿದ್ದರೆ ಬದಲಾಯಿಸಿ. ವಿಮಾನದ್ದೂ ಅಷ್ಟೇ. ಮಗಳಿಗೆ ಹೇಳಿ ಇದನ್ನು ಮಾಡಿಸುವುದು ಒಳ್ಳೆಯದು, ಆ ತಾಣಗಳ ಜೊತೆ ಗುದ್ದಾಡಲು ನಮ್ಮ ವಯಸ್ಸಿನವರಿಗೆ ತಾಳ್ಮೆ ಸಾಲದು.

ಪ್ರಶ್ನೆ: ನನ್ನ ಪಾಸ್‌ಪೋರ್ಟಿನಲ್ಲಿ ಇನ್ನೂ ಒಂಬತ್ತು ತಿಂಗಳು ಉಳಿದಿದೆ. ಈಗಲೇ ಹೊಸದು ಮಾಡಿಸಿದರೆ ಆ ಒಂಬತ್ತು ತಿಂಗಳನ್ನು ಹೊಸದಕ್ಕೆ ಸೇರಿಸಿ ಕೊಡುತ್ತಾರೆಯೇ? ಇಲ್ಲವಾದರೆ ಅಷ್ಟು ಅವಧಿ ನಷ್ಟವಲ್ಲವೇ?
– ಮೆಕ್ಕೆಜೋಳದ ವ್ಯಾಪಾರಿ, ದಾವಣಗೆರೆ

ಉತ್ತರ: ಸೇರಿಸುವುದಿಲ್ಲ. ಹೊಸದರ ಹತ್ತು ವರ್ಷ ಅದನ್ನು ಕೊಟ್ಟ ದಿನದಿಂದ ಶುರು. ನಿಮ್ಮ ನಷ್ಟವನ್ನು ಮಂಡಿಪೇಟೆಯ ಲೆಕ್ಕದಲ್ಲೇ ಹೇಳುತ್ತೇನೆ: ಹತ್ತು ವರ್ಷಕ್ಕೆ 1,500 ಎಂದರೆ ವರ್ಷಕ್ಕೆ 150, ಒಂಬತ್ತು ತಿಂಗಳಿಗೆ 112 ರೂಪಾಯಿ 50 ಪೈಸೆ. ಇದನ್ನು ಉಳಿಸಲು ಹೋಗಿ ಲಕ್ಷಗಟ್ಟಲೆಯ ಟಿಕೆಟ್ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ನಿಮ್ಮದೇ ಪೇಟೆಯ ಒಂದು ಕುಟುಂಬ ದುಬೈಗೆ ಹೊರಟಿತ್ತು, ಅಲ್ಲಿಂದ ಹಡಗು. ತಾಯಿಯ ಪಾಸ್‌ಪೋರ್ಟಿನಲ್ಲಿ ಉಳಿದದ್ದು ಐದು ತಿಂಗಳು. ಬೆಂಗಳೂರಿನ ವಿಮಾನ ನಿಲ್ದಾಣದ ಕೌಂಟರಿನಲ್ಲೇ ತಡೆದರು. ನಿಯಮಕ್ಕೆ ಹೊಂದದ ಪ್ರಯಾಣಿಕರನ್ನು ಕರೆದೊಯ್ದರೆ ದಂಡ ತೆರುವುದೂ, ಅವರನ್ನು ವಾಪಸ್ ತರುವುದೂ ವಿಮಾನ ಸಂಸ್ಥೆಯ ತಲೆಗೇ ಬರುತ್ತದೆ. ಆದ್ದರಿಂದ ಆ ಕೌಂಟರಿನಲ್ಲಿ ಕಣ್ಣೀರಿಗೂ ಬೆಲೆಯಿಲ್ಲ, ಶಾಸಕರ ಫೋನಿಗೂ ಬೆಲೆಯಿಲ್ಲ. ಮಕ್ಕಳು ಮೊಮ್ಮಕ್ಕಳೆಲ್ಲ ಹೋದರು, ಆಸೆಪಟ್ಟು ಎಲ್ಲರನ್ನೂ ಹೊರಡಿಸಿದ ಆ ತಾಯಿ ರಾತ್ರಿ ಬಸ್ಸಿಗೆ ಊರಿಗೆ ಮರಳಿದರು. ನೀವು ಇವತ್ತೇ ಅರ್ಜಿ ಹಾಕಿ.

ಪ್ರಶ್ನೆ: ಅಕ್ಕಾ, ಡಿಸೆಂಬರಿನಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿರುವ ಮಗನ ಮನೆಗೆ ಹೋಗಿ ಮೇ ತಿಂಗಳವರೆಗೆ ಇರುತ್ತೇವೆ. ಫೆಬ್ರವರಿಯಲ್ಲಿ ಗ್ಯಾಲ್ವೆಸ್ಟನ್ ಬಂದರಿನಿಂದ ಮೆಕ್ಸಿಕೋದ ಕೊಜುಮೆಲ್‌ಗೆ ಹಡಗಿನಲ್ಲಿ ಕರೆದುಕೊಂಡು ಹೋಗುತ್ತಾನಂತೆ. ಮೊಮ್ಮಗನಿಗೆ ಜನನ ಪ್ರಮಾಣಪತ್ರ ಸಾಕು, ಪಾಸ್‌ಪೋರ್ಟ್ ಬೇಡ ಎಂದು ಹಡಗಿನವರು ಹೇಳಿದ್ದಾರೆ. ನಮಗೂ ಹಾಗೆ ಆಧಾರ್ ನಡೆಯುತ್ತದೆಯೇ? ನಮ್ಮ ಪಾಸ್‌ಪೋರ್ಟ್ ಮಾರ್ಚ್ 30ಕ್ಕೆ ಮುಗಿಯುತ್ತದೆ, ಅದರಲ್ಲಿರುವ ಅಮೆರಿಕದ ವೀಸಾ ಮಾತ್ರ 2029ರವರೆಗೆ ಇದೆ. ಹೊಸದು ಮಾಡಿಸಿದರೆ ವೀಸಾ ಹೋಗಿಬಿಡುತ್ತದೆ ಎಂಬ ಹೆದರಿಕೆ.
– ಗೃಹಿಣಿ, ಚನ್ನಗಿರಿ

ಉತ್ತರ: ಮೊದಲು ಹೆದರಿಕೆ ಬಿಡಿ, ವೀಸಾ ಹೋಗುವುದಿಲ್ಲ. ಹಳೆಯ ಪಾಸ್‌ಪೋರ್ಟನ್ನು ರದ್ದುಮಾಡಿ ನಿಮಗೇ ಹಿಂದಿರುಗಿಸುತ್ತಾರೆ. ವೀಸಾ ಇರುವ ಪುಟಕ್ಕೆ ಹಾನಿಯಾಗದಿದ್ದರೆ ಅದು ಊರ್ಜಿತ. ಹಳೆಯದು, ಹೊಸದು ಎರಡನ್ನೂ ಜೊತೆಯಲ್ಲಿ ಒಯ್ಯಬೇಕು. ವೀಸಾವನ್ನು ಕಿತ್ತು ಹೊಸದಕ್ಕೆ ಅಂಟಿಸುವ ಬುದ್ಧಿವಂತಿಕೆ ಮಾತ್ರ ಬೇಡ, ಹಾಗೆ ಮಾಡಿದರೆ ಅದು ನಿಜಕ್ಕೂ ಹೋಗುತ್ತದೆ.

ಆಧಾರ್ ನಡೆಯುವುದಿಲ್ಲ, ತಾಯಿ. ಅಮೆರಿಕದ ಒಂದು ಬಂದರಿನಿಂದ ಹೊರಟು ಅದೇ ಬಂದರಿಗೆ ಮರಳುವ ಹಡಗಿನಲ್ಲಿ ಅಮೆರಿಕದ ಪ್ರಜೆಗಳು ಜನನ ಪ್ರಮಾಣಪತ್ರ ಮತ್ತು ಸರ್ಕಾರ ಕೊಟ್ಟ ಫೋಟೋ ಗುರುತಿನ ಚೀಟಿ ಹಿಡಿದು ಹೋಗಿಬರಬಹುದು. ಹದಿನಾರು ತುಂಬದ ಮಕ್ಕಳಿಗೆ ಪ್ರಮಾಣಪತ್ರವೊಂದೇ ಸಾಕು. 2009ರ ಜೂನ್‌ನಿಂದ ಜಾರಿಯಲ್ಲಿರುವ ನಿಯಮದಲ್ಲಿ ಉಳಿಸಿಕೊಟ್ಟ ವಿನಾಯಿತಿ ಅದು. ನಿಮ್ಮ ಮೊಮ್ಮಗ ಅಲ್ಲಿ ಹುಟ್ಟಿದವನು, ಅವನಿಗೆ ಸಲ್ಲುತ್ತದೆ. ನಿಮಗೆ ಪಾಸ್‌ಪೋರ್ಟೂ ವೀಸಾವೂ ಬೇಕೇ ಬೇಕು. ನನ್ನನ್ನು ಕೇಳಿದರೆ ಮೊಮ್ಮಗನಿಗೂ ಪಾಸ್‌ಪೋರ್ಟ್ ಮಾಡಿಸಿ ಎನ್ನುತ್ತೇನೆ. ಕೊಜುಮೆಲ್‌ನಲ್ಲಿ ಮಗುವಿಗೆ ಜ್ವರ ಬಂದು ಹಡಗು ತಪ್ಪಿದರೆ ವಿಮಾನದಲ್ಲಿ ಮರಳಬೇಕು, ಆಗ ಜನನ ಪ್ರಮಾಣಪತ್ರ ಕೆಲಸಕ್ಕೆ ಬರುವುದಿಲ್ಲ.

ಇನ್ನು ಮಾರ್ಚ್ 30ರ ವಿಷಯ. ಭಾರತದ ಪಾಸ್‌ಪೋರ್ಟಿಗೆ ಅಮೆರಿಕ ಆರು ತಿಂಗಳ ಪಟ್ಟು ಹಿಡಿಯುವುದಿಲ್ಲ, ಅಲ್ಲಿ ಇರುವಷ್ಟು ಕಾಲ ಅವಧಿ ಇದ್ದರೆ ಸಾಕು ಎನ್ನುತ್ತದೆ. ಆದರೆ ಇದನ್ನು ನಂಬಿ ಹೊರಡಬೇಡಿ. ವಿಮಾನ ಇಳಿದಾಗ ಅಧಿಕಾರಿ ಕೊಡುವ ವಾಸದ ಅವಧಿಯನ್ನು ಪಾಸ್‌ಪೋರ್ಟಿನ ಕೊನೆಯ ದಿನಕ್ಕೇ ಕತ್ತರಿಸುವುದುಂಟು. ನೀವು ಮೇವರೆಗೆ ಇರಬೇಕೆಂದಿದ್ದೀರಿ, ಕಾಗದ ಮಾರ್ಚ್‌ಗೇ ಹೊರಡಿ ಎನ್ನುತ್ತದೆ. ಅಲ್ಲಿಗೆ ಹೋದ ಮೇಲೆ ಭಾರತೀಯ ಕಾನ್ಸುಲೇಟ್ ಮೂಲಕ ಮಾಡಿಸಬಹುದು ನಿಜ, ಆದರೆ ಸೊಸೆ ಮಗ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ನಿಮ್ಮ ಅರ್ಜಿಯ ಹಿಂದೆ ಓಡಾಡುವವರು ಯಾರು? ಇಲ್ಲೇ ಮುಗಿಸಿಕೊಂಡು ಹೋಗಿ.

ಪ್ರಶ್ನೆ: ನಮ್ಮಿಬ್ಬರ ಮತ್ತು ಮಗನ ಪಾಸ್‌ಪೋರ್ಟ್ ಒಂದೇ ದಿನ ಮಾಡಿಸಿದ್ದು. ನಮ್ಮದು ಇನ್ನೂ ಐದು ವರ್ಷ ಇದೆ, ಆದ್ದರಿಂದ ಅವನದೂ ಇರಬೇಕಲ್ಲವೇ? ಈಗ ಅವನಿಗೆ ಹನ್ನೆರಡು.
– ಬ್ಯಾಂಕ್ ಉದ್ಯೋಗಿ, ಚಿತ್ರದುರ್ಗ

ಉತ್ತರ: ಬೀರು ತೆಗೆದು ನೋಡಿ. ಅಪ್ರಾಪ್ತರ ಪಾಸ್‌ಪೋರ್ಟಿಗೆ ಐದೇ ವರ್ಷ, ಅವನದು ಮುಗಿದಿರುತ್ತದೆ ಅಥವಾ ಮುಗಿಯುತ್ತಿರುತ್ತದೆ. ಹೊಸದಕ್ಕೆ 1,000 ರೂಪಾಯಿ, ಜೊತೆಗೆ ತಂದೆ ತಾಯಿ ಇಬ್ಬರೂ ಸಹಿ ಮಾಡಿದ ಒಪ್ಪಿಗೆ ಪತ್ರ ಬೇಕು, ಅನುಬಂಧ ಡಿ ಎಂಬ ನಮೂನೆಯಲ್ಲಿ. ಹದಿನೈದು ದಾಟಿದ ಮಕ್ಕಳಾದರೆ ಹತ್ತು ವರ್ಷದ್ದನ್ನೇ ಕೇಳಬಹುದು.

ಪ್ರಶ್ನೆ: ಮುಂಬಯಿಯಿಂದ ಗೋವಾ, ಲಕ್ಷದ್ವೀಪಕ್ಕೆ ಹೋಗುವ ಹಡಗಿನಲ್ಲಿ ಗೆಳತಿಯರೆಲ್ಲ ಹೊರಟಿದ್ದೇವೆ. ನನ್ನ ಪಾಸ್‌ಪೋರ್ಟ್ ಅವಧಿ ಮುಗಿದು ವರ್ಷವಾಯಿತು. ಬಿಡಬೇಕೇ?
– ನಿವೃತ್ತ ದಾದಿ, ಹೊಳಲ್ಕೆರೆ

ಉತ್ತರ: ಖಂಡಿತ ಹೋಗಿ. ದೇಶದೊಳಗಿನ ಬಂದರುಗಳಿಗಷ್ಟೇ ಹೋಗುವ ಹಡಗಿಗೆ ಭಾರತೀಯರಿಗೆ ಪಾಸ್‌ಪೋರ್ಟ್ ಬೇಡ, ಆಧಾರ್ ಅಥವಾ ಮತದಾರರ ಗುರುತಿನ ಚೀಟಿಯ ಮೂಲಪ್ರತಿ ಸಾಕು. ಲಕ್ಷದ್ವೀಪಕ್ಕೆ ಕಾಲಿಡಲು ಮಾತ್ರ ನಮಗೂ ಪ್ರವೇಶ ಪರವಾನಗಿ ಬೇಕು. ಅದನ್ನು ಹಡಗಿನವರೇ ಮಾಡಿಸುತ್ತಾರೆಯೇ ಎಂದು ಹಣ ಕಟ್ಟುವ ಮೊದಲೇ ಕೇಳಿ. ಅದೇ ಹಡಗು ಶ್ರೀಲಂಕಾಕ್ಕೂ ಹೋಗುವ ಪ್ರವಾಸವಾದರೆ ಪಾಸ್‌ಪೋರ್ಟ್ ಬೇಕು, ಆಗ ಹರಿಹರದ ಮೇಷ್ಟ್ರಿಗೆ ಹೇಳಿದ್ದೆಲ್ಲ ನಿಮಗೂ ಅನ್ವಯಿಸುತ್ತದೆ. ಟಿಕೆಟಿನಲ್ಲಿ ಹೆಸರು ಆಧಾರಿನಲ್ಲಿ ಇರುವಂತೆಯೇ ಇರಲಿ. ಒಂದು ಕಡೆ ಊರಿನ ಇನಿಷಿಯಲ್, ಇನ್ನೊಂದು ಕಡೆ ಗಂಡನ ಹೆಸರು ಇಟ್ಟುಕೊಂಡು ಬಂದರಿನಲ್ಲಿ ವಿವರಿಸುತ್ತಾ ನಿಲ್ಲಬೇಡಿ. ಗೆಳತಿಯರ ಆಧಾರನ್ನೂ ಈಗಲೇ ತರಿಸಿ ನೋಡಿಬಿಡಿ.