ರುಮಟಾಯ್ಡ್ ಸಂಧಿವಾತ ಕೆಲವರಿಗೆ ಶುರುವಿನಲ್ಲೇ ಯಾಕೆ ಅಷ್ಟು ತೀವ್ರ? ಇದಕ್ಕೆ ಜೀನ್ ಕಾರಣವೇ?

ಭಾಗಶಃ ಹೌದು. ಮುಖ್ಯವಾದದ್ದು 6ನೇ ಕ್ರೋಮೋಸೋಮಿನ ಎಚ್‌ಎಲ್‌ಎ-ಡಿಆರ್‌ಬಿ1 ಜೀನ್. ಪ್ರೋಟೀನ್ ತುಣುಕುಗಳನ್ನು ಹಿಡಿದು ರೋಗನಿರೋಧಕ ಕಣಗಳಿಗೆ ತೋರಿಸುವ ಅಣುವಿನ ಒಂದು ಭಾಗ ಇದರಿಂದ ತಯಾರಾಗುತ್ತದೆ. ಇದರ ಕೆಲವು ರೂಪಗಳಲ್ಲಿ 70ರಿಂದ 74ನೇ ಸ್ಥಾನದ ಅಮೈನೊ ಆಮ್ಲಗಳು ಹೆಚ್ಚುಕಮ್ಮಿ ಒಂದೇ ಬಗೆಯವು. ರಾಸಾಯನಿಕವಾಗಿ ಸ್ವಲ್ಪ ಬದಲಾದ (ಸಿಟ್ರುಲಿನ್ ಸೇರಿದ) ನಮ್ಮದೇ ಪ್ರೋಟೀನುಗಳು ಅಲ್ಲಿ ಸಲೀಸಾಗಿ ಕೂರುತ್ತವೆ. ದೇಹ ಅವನ್ನೇ ಶತ್ರುವೆಂದು ಬಗೆದು ಆಂಟಿ-ಸಿಸಿಪಿ ಪ್ರತಿಕಾಯ ತಯಾರಿಸುತ್ತದೆ. ಅದಿರುವವರಲ್ಲಿ ಕೀಲಿನ ಮೂಳೆ ಬೇಗ ಸವೆಯುತ್ತದೆ. ತಂದೆ, ತಾಯಿ ಇಬ್ಬರಿಂದಲೂ ಈ ಜೀನಿನ ಇಂಥ ರೂಪವೇ ಬಂದಿದ್ದರೆ ಅಪಾಯ ಇನ್ನೂ ಜಾಸ್ತಿ, ಧೂಮಪಾನ ಸೇರಿದರಂತೂ ಕೇಳುವುದೇ ಬೇಡ.

ಹಾಗಂತ ಜೀನ್ ಪರೀಕ್ಷೆಗೆ ಓಡಬೇಕಿಲ್ಲ. ವೈದ್ಯರು ನೋಡುವುದು ಆಂಟಿ-ಸಿಸಿಪಿ, ಆರ್‌ಎಫ್ (ರುಮಟಾಯ್ಡ್ ಫ್ಯಾಕ್ಟರ್ ಎಂಬ ಇನ್ನೊಂದು ಪ್ರತಿಕಾಯ) ರಕ್ತಪರೀಕ್ಷೆ, ಊದಿದ ಕೀಲುಗಳು ಮತ್ತು ಎಕ್ಸ್‌ರೇ. ಮೆಥೊಟ್ರೆಕ್ಸೇಟ್‌ನಂಥ ಔಷಧಿ ಬೇಗ ಶುರುಮಾಡಿದರೆ ಈ ಜೀನ್ ಇದ್ದವರಲ್ಲೂ ಹಾನಿ ತಗ್ಗುತ್ತದೆ.