ಅಜ್ಜಿ ಐಸ್ ಮೇಲೆ ನಿಲ್ಲಬಹುದಾ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, ವಯಸ್ಸು 58. ಡಿಸೆಂಬರಿನಲ್ಲಿ ಟೊರಾಂಟೊಗೆ ಮಗಳ ಮನೆಗೆ ಹೊರಟಿದ್ದೇನೆ. ಮೊಮ್ಮಗ ‘ಅಜ್ಜಿ, ನೀನೂ ಐಸ್ ಸ್ಕೇಟಿಂಗ್ ಕಲಿ’ ಅಂತ ಗಂಟು ಬಿದ್ದಿದ್ದಾನೆ. ನಮ್ಮನೆಯವರು ‘ಕೈಕಾಲು ಮುರ್ಕೊಂಡು ಬರ್ತೀಯ’ ಅಂತಾರೆ. ಈ ವಯಸ್ಸಲ್ಲಿ ಆಗುತ್ತಾ? ಸೀರೆಯಲ್ಲಿ ಮಾಡಬಹುದಾ?
– ಓದುಗರೊಬ್ಬರು, ಕುಮಟಾ

ಉತ್ತರ: ಆಗುತ್ತದೆ ಅಕ್ಕಾ. ಸೀರೆ ಮಾತ್ರ ಬೇಡ, ನೆರಿಗೆ ಸ್ಕೇಟ್ ಬೂಟಿನ ಅಡಿಯ ಬ್ಲೇಡಿಗೆ ಸಿಕ್ಕಿದರೆ ಮುಗೀತು. ಮಗಳ ದಪ್ಪ ಪ್ಯಾಂಟ್ ಇಸ್ಕೊಳ್ಳಿ. ನಾನೂ ಶಿರಸಿಯವಳು. ಐಸ್ ಅಂದರೆ ಮಾರಿಕಾಂಬೆ ಜಾತ್ರೆಯ ಐಸ್‌ಕ್ಯಾಂಡಿ ಅಂತಷ್ಟೇ ಗೊತ್ತಿದ್ದವಳು, ನಲವತ್ತು ದಾಟಿದ ಮೇಲೆ ಅದೇ ಟೊರಾಂಟೊದಲ್ಲಿ ಕಲಿತೆ.

ನಿಮ್ಮವರ ಮಾತೂ ಸುಮ್ನೆ ಅಲ್ಲ. ಬೀಳುವಾಗ ಎಲ್ಲರೂ ಅಂಗೈ ಊರುತ್ತಾರೆ, ಮಣಿಕಟ್ಟು ಮುರಿಯುವುದೇ ಹಾಗೆ. ಮುಟ್ಟು ನಿಂತ ಮೇಲೆ ನಮ್ಮ ಮೂಳೆ ಸವೆಯುವುದೂ ಜಾಸ್ತಿ. ಹೊರಡುವ ಮೊದಲು ಡಾಕ್ಟರಿಗೆ ತೋರಿಸಿ. ಅಲ್ಲಿ ಹೆಲ್ಮೆಟ್, ರಿಸ್ಟ್ ಗಾರ್ಡ್, ಕೈಗವಸು ಹಾಕಿಕೊಳ್ಳಿ.

ಮೊದಲು ಕಲಿಯಬೇಕಾದ್ದು ಬೀಳುವುದನ್ನು. ಅದನ್ನು ಕುಮಟೆಯಲ್ಲೇ ಹಾಸಿಗೆ ಮೇಲೆ ಕಲಿಯಿರಿ. ಬೀಳ್ತೀನಿ ಅನಿಸಿದ ಕೂಡಲೇ ಮಂಡಿ ಬಗ್ಗಿಸಿ ಕುಕ್ಕರಿಸಿ, ಪಕ್ಕಕ್ಕೆ ತೊಡೆಯ ಮೇಲೆ ವಾಲಿ. ಬಿದ್ದ ಮೇಲೆ ಬೆರಳು ಮಡಚಿಕೊಳ್ಳಿ, ಬೇರೆಯವರ ಬ್ಲೇಡ್ ಹತ್ತಿರದಲ್ಲೇ ಓಡಾಡುತ್ತಿರುತ್ತದೆ. ಏಳುವಾಗ ಅಂಬೆಗಾಲಿಗೆ ಬನ್ನಿ, ಒಂದು ಪಾದವನ್ನು ಎರಡು ಕೈಗಳ ನಡುವೆ ಇಡಿ, ಆ ಮಂಡಿಯ ಮೇಲೆ ಕೈಯೂರಿ ಮೇಲೇಳಿ.

ಬಾಡಿಗೆಗೆ ಪಡೆಯುವಾಗ ಐಸ್ ಹಾಕಿ ಆಟದವರ ಸ್ಕೇಟ್ ಬೇಡ, ಐಸ್ ಮೇಲೆ ಕುಣಿಯುವವರು ಹಾಕುವ ಫಿಗರ್ ಸ್ಕೇಟ್ ಕೇಳಿ. ಅದರ ಬ್ಲೇಡ್ ಉದ್ದ, ಹೊಸಬರಿಗೆ ನಿಲ್ಲಲು ಸುಲಭ. ಅದರ ಮುಂತುದಿಯಲ್ಲಿ ಹಲ್ಲುಗಳಿರುತ್ತವೆ, ಅದನ್ನು ಊರಿ ತಳ್ಳಿದರೆ ಮುಗ್ಗರಿಸುತ್ತೀರಿ. ಕಾಲುಚೀಲ ತೆಳ್ಳಗಿರಲಿ. ಲೇಸನ್ನು ಕಣಕಾಲಿನ ಹತ್ತಿರ ಬಿಗಿಯಾಗಿ ಎಳೆದು ಕಟ್ಟಿ. ಕಾಲಲ್ಲಿ ಶಕ್ತಿಯಿಲ್ಲ ಅಂತ ಅಳುವವರ ಬೂಟು ಹೆಚ್ಚಾಗಿ ಸಡಿಲವಾಗಿರುತ್ತದೆ.

ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳ ದಾಟುತ್ತೀರಲ್ಲ, ಮಂಡಿ ಸ್ವಲ್ಪ ಬಗ್ಗಿಸಿ, ಪುಟ್ಟ ಹೆಜ್ಜೆ ಇಟ್ಟು? ಐಸ್ ಮೇಲೂ ಹಾಗೇ ಶುರು ಮಾಡಿ. ಕಣ್ಣು ಮಾತ್ರ ಕಾಲಿನ ಮೇಲಲ್ಲ, ಮುಂದಕ್ಕಿರಲಿ. ನಾಲ್ಕು ಹೆಜ್ಜೆ ಹಾಕಿ ಎರಡೂ ಕಾಲ ಮೇಲೆ ಸುಮ್ಮನೆ ನಿಂತರೆ ತಾನಾಗಿಯೇ ಜಾರುತ್ತೀರಿ. ನಿಲ್ಲಬೇಕಾದರೆ ಹೆಬ್ಬೆರಳುಗಳನ್ನು ಒಳಕ್ಕೆ ತಿರುಗಿಸಿ, ಹಿಮ್ಮಡಿಗಳನ್ನು ಹೊರಕ್ಕೆ ಒತ್ತಿ. ಬ್ಲೇಡಿನ ಒಳಅಂಚು ಐಸನ್ನು ಕೆರೆದು ವೇಗ ಇಳಿಯುತ್ತದೆ. ಬೇಲಿ ಹಿಡಿದೇ ಸುತ್ತುವುದು ನನಗೆ ಸರಿ ಕಾಣಲ್ಲ, ಮೈಯೆಲ್ಲ ಅದರ ಕಡೆಗೇ ವಾಲುತ್ತದೆ. ಮೊಮ್ಮಗನ ಕೈಯನ್ನಂತೂ ಹಿಡಿಯಬೇಡಿ, ಇಬ್ಬರೂ ಬೀಳುತ್ತೀರಿ!

ಸಿಟಿ ಹಾಲ್ ಮುಂದಿನ ನೇಥನ್ ಫಿಲಿಪ್ಸ್ ಸ್ಕ್ವೇರ್ ರಿಂಕಿಗೆ (ಸ್ಕೇಟಿಂಗ್ ಮಾಡುವ ಐಸ್ ಅಂಗಳಕ್ಕೆ) ಪ್ರವೇಶ ಉಚಿತ, ಸ್ಕೇಟ್‌ಗೆ ಬಾಡಿಗೆ ಕೊಡಬೇಕು. ಶನಿವಾರ, ಭಾನುವಾರದ ರಶ್ಶಿನಲ್ಲಿ ಹೋಗಬೇಡಿ.

ಪ್ರಶ್ನೆ: ನನಗೆ ರೋಲರ್ ಸ್ಕೇಟಿಂಗ್ ಬರುತ್ತದೆ. ಐಸ್ ಮೇಲೆ ಅದು ಉಪಯೋಗಕ್ಕೆ ಬರುತ್ತದಾ? ನಮ್ಮ ದೇಶದಲ್ಲಿ ಎಲ್ಲಿ ಕಲಿಯಬಹುದು?
– ಕಾಲೇಜು ವಿದ್ಯಾರ್ಥಿ, ಕಾರವಾರ

ಉತ್ತರ: ತುಂಬಾ ಬರುತ್ತದೆ ತಮ್ಮಾ, ಅದರಲ್ಲೂ ಚಕ್ರಗಳು ಒಂದೇ ಸಾಲಿನಲ್ಲಿರುವ ಇನ್‌ಲೈನ್ ಆದರೆ. ನಿಲ್ಲಿಸುವುದನ್ನು ಮಾತ್ರ ಹೊಸದಾಗಿ ಕಲಿಯಬೇಕು, ಇಲ್ಲಿ ರಬ್ಬರ್ ಬ್ರೇಕ್ ಇರಲ್ಲ. ಶಿಮ್ಲಾದಲ್ಲಿ 1920ರಿಂದ ಬಯಲು ರಿಂಕ್ ಇದೆ. ಅಲ್ಲಿ ರಾತ್ರಿಯ ಚಳಿಗೆ ನೀರು ತಾನಾಗಿಯೇ ಹೆಪ್ಪುಗಟ್ಟಬೇಕು. ಮೋಡ ಕವಿದು ಚಳಿ ಕಡಿಮೆಯಾದರೆ ಆವತ್ತು ಸ್ಕೇಟಿಂಗ್ ಇಲ್ಲ. ಹಾಗಾಗಿ ಟಿಕೆಟ್ ಮಾಡಿಸುವ ಮೊದಲು ಫೋನ್ ಮಾಡಿ ವಿಚಾರಿಸು.